ಟ್ಯಾಂಕ್ ತುಂಬಿದರೆ ಫೋನಿಗೆ ಮೆಸೇಜ್: ಕಂಪೈಲ್ ಆಗದ ಲ್ಯಾಪ್‌ಟಾಪ್, ಏಳದ ಬೋರ್ಡ್, ಒಂದು ಪೂರ್ತಿ ಪ್ರಕರಣ

ತಿಪಟೂರು ಕಡೆಯ ಒಂದು ತೋಟದ ಮನೆ. ಮಾಳಿಗೆ ಮೇಲೆ 1000 ಲೀಟರ್‌ನ ಪ್ಲಾಸ್ಟಿಕ್ ಟ್ಯಾಂಕ್. ಬೋರ್‌ವೆಲ್ ಮೋಟಾರ್ ಓಡುವುದು ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ. ಅದು ಹಗಲು ಬರಬಹುದು, ಎಲ್ಲರೂ ಮಲಗಿದ ಮೇಲೂ ಬರಬಹುದು. ಸ್ಟಾರ್ಟರ್‌ಗೆ ಆಟೋ ಹಾಕಿದ್ದಾರೆ, ಹಾಗಾಗಿ ಕರೆಂಟ್ ಬಂದ ಕೂಡಲೇ ಮೋಟಾರ್ ತಾನಾಗೇ ಶುರುವಾಗುತ್ತದೆ. ನಿಲ್ಲಿಸೋದಕ್ಕೆ ಮಾತ್ರ ಯಾರಾದರೂ ಎದ್ದು ಹೋಗಬೇಕು. ಟ್ಯಾಂಕ್ ತುಂಬಿ ಹರಿದು ಹರಿದು ಹಿಂದಿನ ಗೋಡೆ ಪೂರ್ತಿ ಪಾಚಿ.

ಆ ಮನೆಯ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ, ನಮಗೆ ಪರಿಚಯದವರು. ಟ್ಯಾಂಕ್ ತುಂಬಿದರೆ ಅಪ್ಪನ ಫೋನಿಗೂ ತನ್ನ ಫೋನಿಗೂ ಒಂದು ಮೆಸೇಜ್ ಬರಬೇಕು, ಅಷ್ಟೇ ಅವಳ ಪ್ರಾಜೆಕ್ಟ್. ಮೋಟಾರನ್ನೇ ತಾನಾಗಿ ಆಫ್ ಮಾಡಿಸಬಹುದಲ್ವಾ ಅಂತ ನೀವು ಕೇಳಬಹುದು. ಮಾಡಿಸಬಹುದು. ಆದರೆ ಮೋಟಾರ್ ಸ್ಟಾರ್ಟರ್ ಅಂದರೆ 400 ವೋಲ್ಟ್ ಆಸುಪಾಸಿನ ತ್ರೀ ಫೇಸ್. ಮೊದಲ ಪ್ರಾಜೆಕ್ಟಿನಲ್ಲೇ ಅದಕ್ಕೆ ಕೈ ಹಾಕೋದು ಬೇಡ ಅಂತ ನಾನೇ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಮೊದಲು ಸುದ್ದಿ ಬರಲಿ, ಸ್ವಿಚ್ ಒತ್ತೋದಕ್ಕೆ ಮನುಷ್ಯರಿದ್ದಾರೆ.

ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಡ್‌ಎಂಸಿಯು ಬೋರ್ಡ್, ನೀರು ಏರಿದರೆ ತೇಲಿ ಆನ್ ಆಗುವ ಒಂದು ಫ್ಲೋಟ್ ಸ್ವಿಚ್, ಹಳೆಯ ಮೊಬೈಲ್ ಚಾರ್ಜರ್, ಒಂದಿಷ್ಟು ವೈರ್. ನೋಡ್‌ಎಂಸಿಯು ಒಳಗಿರೋದು ಇಎಸ್‌ಪಿ 8266 ಅನ್ನುವ ಚಿಪ್. ಶಾಂಘೈನ ಎಸ್ಪ್ರೆಸಿಫ್ ಕಂಪನಿಯದ್ದು. 2014ರಲ್ಲಿ ಇದರ ಪುಟ್ಟ ಮಾಡ್ಯೂಲ್‌ಗಳು ಅಗ್ಗದಲ್ಲಿ ಮಾರುಕಟ್ಟೆಗೆ ಬಂದಾಗ ಮಾಹಿತಿ ಪತ್ರ ಚೀನೀ ಭಾಷೆಯಲ್ಲಿ ಮಾತ್ರ ಇತ್ತು, ಹವ್ಯಾಸಿಗಳೇ ಅದನ್ನು ಅನುವಾದ ಮಾಡಿಕೊಂಡು ಮುಂದುವರಿದರು. ಆಮೇಲೆ ಆರ್ಡುಯಿನೊ ತಂತ್ರಾಂಶದಲ್ಲೇ ಇದಕ್ಕೆ ಪ್ರೋಗ್ರಾಂ ಬರೆಯುವ ಅನುಕೂಲ ಬಂತು, ಅಲ್ಲಿಂದ ಇದು ಹುಡುಗರ ಕೈಗೆ ಸಿಕ್ಕಿತು. ವೈಫೈ ಚಿಪ್ಪಿನ ಒಳಗೇ ಇದೆ. ನಮ್ಮ ಕೆಲಸಕ್ಕೆ ಧಾರಾಳ.

ಅವಳು ಲ್ಯಾಪ್‌ಟಾಪ್‌ಗೆ ಆರ್ಡುಯಿನೊ ಐಡಿಇ, ಅಂದರೆ ಪ್ರೋಗ್ರಾಂ ಬರೆದು ಬೋರ್ಡಿಗೆ ತುಂಬಿಸುವ ತಂತ್ರಾಂಶ, ಹಾಕಿಕೊಂಡಳು. ಪ್ರಿಫರೆನ್ಸಸ್‌ನಲ್ಲಿ ಇಎಸ್‌ಪಿ 8266 ವಿಳಾಸ ಸೇರಿಸಿದಳು, ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ಆ ಚಿಪ್ಪಿನ ಪ್ಯಾಕೇಜಿನ 3.1.2 ಆವೃತ್ತಿ ಇಳಿಸಿದಳು. ಎಲ್ಲ ಸಲೀಸಾಗಿ ಆಯಿತು, ಒಂದು ಎಚ್ಚರಿಕೆಯೂ ಬರಲಿಲ್ಲ. ದೀಪ ಮಿನುಗಿಸುವ ಬ್ಲಿಂಕ್ ಉದಾಹರಣೆ ತೆಗೆದು ಕಂಪೈಲ್ (ಬರೆದ ಕೋಡನ್ನು ಚಿಪ್ಪಿಗೆ ತಿಳಿಯುವ ರೂಪಕ್ಕೆ ತರೋದು) ಒತ್ತಿದರೆ ಕೆಂಪು ಅಕ್ಷರಗಳ ಮಳೆ, ಕೊನೆಗೆ "ಕಂಪೈಲೇಷನ್ ಎರರ್: ಎಕ್ಸಿಟ್ ಸ್ಟೇಟಸ್ 1".

ಆಮೇಲೆ ಶುರುವಾಗಿದ್ದು ಎಲ್ಲರೂ ಮಾಡುವ ಕೆಲಸ. ಅನ್‌ಇನ್‌ಸ್ಟಾಲ್, ಮತ್ತೆ ಇನ್‌ಸ್ಟಾಲ್. ಆಂಟಿವೈರಸ್ ಆಫ್. ಯಾರೋ ಪೈಥಾನ್ ಇಲ್ಲದ್ದಕ್ಕೆ ಹೀಗೆ ಅಂದರು, ಪೈಥಾನ್ ಹಾಕಿದಳು. ಇನ್ಯಾರೋ ಹೊಸ ಐಡಿಇ ಸರಿ ಇಲ್ಲ, ಹಳೆಯ 1.8.19 ಹಾಕು ಅಂದರು, ಅದನ್ನೂ ಹಾಕಿದಳು. ಅದೇ ಕೆಂಪು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಐಡಿಇ ತೆಗೆದು ಹಾಕಿದರೆ ಹೋಗೋದು ಐಡಿಇ ಮಾತ್ರ. ಬೋರ್ಡ್ ಪ್ಯಾಕೇಜ್‌ಗಳು, ಕಂಪೈಲರ್‌ಗಳು ಎಲ್ಲ ನಿಮ್ಮ ಯೂಸರ್ ಫೋಲ್ಡರ್ ಒಳಗೆ, ಆಪ್‌ಡೇಟಾ ಒಳಗಿನ ಲೋಕಲ್ ಒಳಗೆ, ಆರ್ಡುಯಿನೊ15 ಅನ್ನುವ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತವೆ. ಹೊಸದಾಗಿ ಹಾಕಿದ ಐಡಿಇ ಬಂದು ಅದೇ ಹಳೆಯ ಫೋಲ್ಡರ್ ಹುಡುಕಿಕೊಳ್ಳುತ್ತದೆ. ಹಾಗಾಗಿ ಈ ಅನ್‌ಇನ್‌ಸ್ಟಾಲ್ ಮದ್ದು ಕೆಲಸ ಮಾಡೋದಕ್ಕಿಂತ ಮಾಡದೇ ಇರೋದೇ ಜಾಸ್ತಿ.

ಬೇಸತ್ತು ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ನೋಡಿದಳು. ಅದರಲ್ಲಿ ವಿಂಡೋಸ್ ಬದಲು ಉಬುಂಟು 22.04. ಅಲ್ಲಿ ಕಂಪೈಲ್ ಚೆನ್ನಾಗೇ ಆಯಿತು. ಆದರೆ ಬೋರ್ಡ್ ಚುಚ್ಚಿದರೆ ಅದರ ಜೊತೆ ಮಾತಾಡುವ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯ! ಎರಡು ಕಂಪ್ಯೂಟರ್, ಎರಡರಲ್ಲೂ ಆಗಲಿಲ್ಲ, ಹಾಗಾದರೆ ಬೋರ್ಡೇ ಕೆಟ್ಟಿದೆ ಅನ್ನುವ ತೀರ್ಮಾನಕ್ಕೆ ಬಂದಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಹೊಸ ಬೋರ್ಡ್ ಆರ್ಡರ್ ಮಾಡುವ ಮುಂಚೆ ನನಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು.

ಮೊದಲು ಬೋರ್ಡಿನ ಅನುಮಾನ ಬಗೆಹರಿಸಿದೆವು. ಅದಕ್ಕೆ ಕಂಪ್ಯೂಟರೇ ಬೇಡ. ಹೊಸ ನೋಡ್‌ಎಂಸಿಯು ಬೋರ್ಡ್‌ಗಳು ಬಹಳ ಸಲ ಕಾರ್ಖಾನೆಯಲ್ಲೇ ಏನಾದರೊಂದು ಫರ್ಮ್‌ವೇರ್ (ಚಿಪ್ಪಿನೊಳಗಿನ ಪ್ರೋಗ್ರಾಂ) ತುಂಬಿಸಿಕೊಂಡು ಬಂದಿರುತ್ತವೆ. ಸುಮ್ನೆ ಮೊಬೈಲ್ ಚಾರ್ಜರ್‌ಗೆ ಚುಚ್ಚಿ, ಫೋನಿನ ವೈಫೈ ಪಟ್ಟಿ ನೋಡಿ. ಇಎಸ್‌ಪಿ ಅಂತಲೋ ಎಐ ಥಿಂಕರ್ ಅಂತಲೋ ಶುರುವಾಗುವ ಹೊಸ ಹೆಸರು ಕಂಡರೆ ಚಿಪ್ ಜೀವಂತ. (ಕಾಣದಿದ್ದರೆ ಸತ್ತಿದೆ ಅಂತ ಅರ್ಥ ಅಲ್ಲ, ಅದನ್ನು ನೆನಪಿಡಿ.) ಅವಳ ಪಟ್ಟಿಯಲ್ಲಿ ಕಂಡಿತು. ಬೋರ್ಡ್ ಸರಿ ಇದೆ. ಅಂದ ಮೇಲೆ ಎರಡು ಕಂಪ್ಯೂಟರ್‌ಗಳಲ್ಲಿ ಎರಡು ಬೇರೆ ಬೇರೆ ತೊಂದರೆ.

ಉಬುಂಟುವಿನದ್ದು ಸುಲಭ. ಅದರಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನುವ ಒಂದು ತಂತ್ರಾಂಶ ಮೊದಲೇ ಇರುತ್ತದೆ, ಕಣ್ಣು ಕಾಣದವರು ಬಳಸುವ ಬ್ರೈಲ್ ಸಾಧನಗಳಿಗಾಗಿ. ಕೆಲವು ಬ್ರೈಲ್ ಸಾಧನಗಳಲ್ಲೂ ನಮ್ಮ ಬೋರ್ಡಿನಲ್ಲೂ ಇರುವ ಯುಎಸ್‌ಬಿ ಚಿಪ್ ಒಂದೇ, ಸಿಎಚ್ 340, ಗುರುತಿನ ಸಂಖ್ಯೆಯೂ ಒಂದೇ. ಬೋರ್ಡ್ ಚುಚ್ಚಿದ ತಕ್ಷಣ ಇದು ನಂದು ಅಂತ ಆ ತಂತ್ರಾಂಶ ಕಿತ್ತುಕೊಳ್ಳುತ್ತದೆ. ಬ್ರೈಲ್ ಸಾಧನ ಬಳಸುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ತೆಗೆದುಹಾಕಿದರಾಯಿತು. ಜೊತೆಗೆ ಆ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಇಲ್ಲದಿದ್ದರೆ ಪೋರ್ಟ್ ಕಾಣುತ್ತದೆ, ಬಳಸುವುದಕ್ಕೆ ಅನುಮತಿ ಇರೋದಿಲ್ಲ. ಗೆಳತಿಯ ಲ್ಯಾಪ್‌ಟಾಪ್ ವಾಪಸ್ ಹೋಗಿತ್ತು, ಹಾಗಾಗಿ ಆ ದಾರಿ ಅಲ್ಲಿಗೇ ಬಿಟ್ಟೆವು.

ಮೂರು ಪ್ರಶ್ನಾರ್ಥಕ ಚಿಹ್ನೆ

ಇನ್ನು ಅವಳ ವಿಂಡೋಸ್ ಲ್ಯಾಪ್‌ಟಾಪ್. ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಕೊನೆಯ ಸಾಲು ಮಾತ್ರ ಇತ್ತು, "ಎಕ್ಸಿಟ್ ಸ್ಟೇಟಸ್ 1". ಇದರಿಂದ ಏನೂ ತಿಳಿಯೋದಿಲ್ಲ. ಕೆಲಸ ಕೆಟ್ಟಿತು ಅಂತ ಮಾತ್ರ ಹೇಳುವ ಸಾಲು ಅದು, ಯಾಕೆ ಅಂತ ಹೇಳುವ ಸಾಲು ತುಂಬ ಮೇಲಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಕಂಪೈಲ್ ಹೊತ್ತಿನ ವಿವರ ಎಲ್ಲ ತೋರಿಸು ಅನ್ನುವ ಒಂದು ಟಿಕ್ ಇದೆ. ಅದನ್ನು ಹಾಕಿ, ಮತ್ತೆ ಕಂಪೈಲ್ ಒತ್ತಿ, ಬಂದದ್ದನ್ನೆಲ್ಲ ಕಾಪಿ ಮಾಡಿ ಟೆಕ್ಸ್ಟ್ ಫೈಲ್‌ನಲ್ಲಿ ಕಳಿಸು ಅಂದೆ. ಜೊತೆಗೆ ಬೋರ್ಡ್ ಆಯ್ಕೆಯನ್ನು ಆರ್ಡುಯಿನೊ ಊನೊ (ಅದು ಬೇರೆಯೇ ಒಂದು ಬೋರ್ಡ್) ಅಂತ ಬದಲಿಸಿ ಖಾಲಿ ಬ್ಲಿಂಕ್ ಕಂಪೈಲ್ ಮಾಡಿ ನೋಡು ಅಂದೆ. ಊನೊ ಕಂಪೈಲ್ ಆಗುವುದಕ್ಕೆ ಬೋರ್ಡ್ ಕೈಯಲ್ಲಿರಬೇಕಾಗಿಲ್ಲ. ಅದರ ಕಂಪೈಲರ್ ಬೇರೆ, ಪ್ಯಾಕೇಜ್ ಬೇರೆ. ಅದೂ ಕೆಟ್ಟರೆ ತಪ್ಪು ಇಎಸ್‌ಪಿ ಪ್ಯಾಕೇಜಿನದ್ದಲ್ಲ ಅಂತ ಖಾತ್ರಿ.

ಊನೊ ಕೂಡ ಕೆಟ್ಟಿತು. ಟೆಕ್ಸ್ಟ್ ಫೈಲ್ ತೆಗೆದು ಮೊದಲ ಎರರ್ ಸಾಲು ನೋಡಿದರೆ, ಫೈಲ್ ಎಲ್ಲಿದೆ ಅಂತ ಹೇಳುವ ದಾರಿಯಲ್ಲಿ ಸಿ ಡ್ರೈವ್, ಯೂಸರ್ಸ್, ಅದಾದ ಮೇಲೆ "???", ಆಮೇಲೆ ಆಪ್‌ಡೇಟಾ. ಕೊನೆಗೆ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್". ವಿಂಡೋಸ್‌ನಲ್ಲಿ ಫೈಲ್ ಅಥವಾ ಫೋಲ್ಡರ್ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದಕ್ಕೇ ಬರೋದಿಲ್ಲ. ಹಾಗಿದ್ದ ಮೇಲೆ ಇದು ಎಲ್ಲಿಂದ ಬಂತು?

ನಿನ್ನ ಲ್ಯಾಪ್‌ಟಾಪ್ ಲಾಗಿನ್ ಹೆಸರೇನು ಅಂತ ಕೇಳಿದೆ. "ಮನೆ" ಅಂದಳು. ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪ್. ಅಣ್ಣ ವಿಂಡೋಸ್ ಹಾಕುವಾಗ ಲೋಕಲ್ ಅಕೌಂಟ್ ಮಾಡಿ, ಹೆಸರು ಕೇಳಿದ ಕಡೆ ಕನ್ನಡದಲ್ಲೇ "ಮನೆ" ಅಂತ ಟೈಪ್ ಮಾಡಿದ್ದಾನೆ. ಚೆನ್ನಾಗೇ ಇದೆ. ಲಾಗಿನ್ ಪರದೆಯಲ್ಲಿ ಚೆಂದ ಕಾಣುತ್ತದೆ, ಎರಡು ವರ್ಷದ ಮೇಲೆ ಯಾರಿಗೂ ಏನೂ ತೊಂದರೆ ಆಗಿಲ್ಲ. ಆದರೆ ಲೋಕಲ್ ಅಕೌಂಟ್‌ಗೆ ಕೊಟ್ಟ ಹೆಸರೇ ಯೂಸರ್ ಫೋಲ್ಡರ್‌ನ ಹೆಸರೂ ಆಗುತ್ತದೆ.

ಈಗ ಆ ಮೂರು ಚಿಹ್ನೆಗಳ ಲೆಕ್ಕ ನೋಡಿ, ಸರಿಯಾಗಿ ಕೂಡುತ್ತದೆ. ಕಣ್ಣಿಗೆ "ಮನೆ" ಎರಡು ಅಕ್ಷರ. ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅದು ಮೂರು ಸಂಕೇತ: ಮ, ನ, ಮತ್ತು ಎತ್ವ. ಒಂದೊಂದಕ್ಕೂ ಒಂದೊಂದು ಪ್ರಶ್ನಾರ್ಥಕ.

ಯಾಕೆ ಹೀಗಾಗುತ್ತದೆ ಅಂದರೆ, ವಿಂಡೋಸ್‌ನ ಹತ್ತಿರ ಒಂದು ಪ್ರೋಗ್ರಾಂ ಫೈಲ್ ಹೆಸರು ಕೇಳುವುದಕ್ಕೆ ಎರಡು ಬಾಗಿಲು ಇವೆ. ಒಂದು ಯೂನಿಕೋಡ್ ಬಾಗಿಲು, ಅಲ್ಲಿ ಕನ್ನಡ ಕನ್ನಡವಾಗೇ ಬರುತ್ತದೆ. ಇನ್ನೊಂದು ಹಳೆಯ ಬಾಗಿಲು. ಅಲ್ಲಿ ಎಲ್ಲ ಹೆಸರುಗಳೂ ಕೋಡ್ ಪೇಜ್ ಅನ್ನುವ ಸಣ್ಣ ಪಟ್ಟಿಯ ಮೂಲಕ ಹಾದು ಬರಬೇಕು. ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಆ ಪಟ್ಟಿ 1252, ಇಂಗ್ಲಿಷ್ ಮತ್ತು ಪಶ್ಚಿಮ ಯೂರೋಪಿನ ಅಕ್ಷರಗಳದ್ದು. ರಷ್ಯನ್‌ಗೆ, ಗ್ರೀಕ್‌ಗೆ, ಥಾಯ್‌ಗೆ ತಮ್ಮದೇ ಕೋಡ್ ಪೇಜ್ ಇದೆ. ಈ ಬಾಗಿಲಲ್ಲಿ ಕನ್ನಡಕ್ಕೆ ಅಂಥದ್ದಿಲ್ಲ. ಹಿಂದಿ, ತಮಿಳಿಗೂ ಇಲ್ಲ. ವಿಂಡೋಸ್‌ನಲ್ಲಿ ಭಾರತದ ಲಿಪಿಗಳಿಗೆ ಬೆಂಬಲ ಬಂದದ್ದೇ ಯೂನಿಕೋಡ್ ಮೂಲಕ, ಹಾಗಾಗಿ ಹಳೆಯ ಬಾಗಿಲಲ್ಲಿ ನಮಗೆ ಜಾಗವೇ ಇಲ್ಲ. ಅಲ್ಲಿಂದ ಹೋದ ಕನ್ನಡ ಅಕ್ಷರ ಹೊರಗೆ ಬರೋದು ಪ್ರಶ್ನಾರ್ಥಕವಾಗಿ.

ಐಡಿಇಯ ಒಳಗಿರುವ ಆರ್ಡುಯಿನೊ ಸಿಎಲ್‌ಐ ಅನ್ನುವ ಭಾಗವನ್ನು ಗೋ ಭಾಷೆಯಲ್ಲಿ ಬರೆದಿದ್ದಾರೆ, ಅದು ಯೂನಿಕೋಡ್ ಬಾಗಿಲು ಬಳಸುತ್ತದೆ. ಡೌನ್‌ಲೋಡ್ ಮಾಡಿ, ಬಿಚ್ಚಿ, ಫೋಲ್ಡರ್‌ನಲ್ಲಿ ಜೋಡಿಸೋದೆಲ್ಲ ಅದೇ. ಅದಕ್ಕೇ ಇನ್‌ಸ್ಟಾಲ್ ಒಂದು ಚೂರೂ ಕೊಸರಾಡಲಿಲ್ಲ. ನಿಜವಾಗಿ ಕಂಪೈಲ್ ಮಾಡೋದು ಜಿಸಿಸಿ ಕಂಪೈಲರ್. ಇಎಸ್‌ಪಿ ಪ್ಯಾಕೇಜಿನಲ್ಲಿರೋದು ಅದರ 10ನೇ ಆವೃತ್ತಿ, ಊನೊ ಪ್ಯಾಕೇಜಿನಲ್ಲಿ ಇನ್ನೂ ಹಳೆಯ 7ನೆಯದು. ಎರಡೂ ಹಳೆಯ ಬಾಗಿಲಿನವು. ಇನ್‌ಸ್ಟಾಲ್ ಆಗುತ್ತದೆ, ಕಂಪೈಲ್ ಆಗೋದಿಲ್ಲ ಅನ್ನುವ ವಿಚಿತ್ರ ಅಲ್ಲಿಗೆ ಅರ್ಥವಾಯಿತು.

ನನಗೆ ಬೇಜಾರಾಗೋದು ಒಂದೇ ವಿಷಯಕ್ಕೆ. ಇಂಥ ಕಡೆ ಎಲ್ಲರೂ ಕೊಡುವ ಬುದ್ಧಿವಾದ "ಕಂಪ್ಯೂಟರ್‌ನಲ್ಲಿ ಕನ್ನಡ ಬಳಸಬೇಡಿ" ಅಂತ. ಯಾಕೆ ಬಳಸಬಾರದು? ಸಿ ಭಾಷೆಯ ಕೋಡ್ ಒಳಗೆ ಕನ್ನಡದ ಕಾಮೆಂಟ್ ಬರೆಯಿರಿ, ಏನೂ ಆಗೋದಿಲ್ಲ. ಇದೇ ಪ್ರಾಜೆಕ್ಟಿನಲ್ಲಿ ಹೋಗುವ ಮೆಸೇಜ್ ಕನ್ನಡದ್ದೇ. ತೊಂದರೆ ಇರೋದು ಫೈಲ್, ಫೋಲ್ಡರ್ ಹೆಸರಿನಲ್ಲಿ ಮಾತ್ರ, ಅದೂ ಹಳೆಯ ಕಂಪೈಲರ್ ಇರುವವರೆಗೆ ಮಾತ್ರ.

ಸರಿ ಮಾಡುವ ದಾರಿಗಳು

ಮೊದಲು ಎಲ್ಲರಿಗೂ ಹೊಳೆಯೋದು ಅಕೌಂಟ್ ಹೆಸರು ಬದಲಿಸೋದು. ಅವಳೂ ಮಾಡಿದಳು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೆಸರು ಬದಲಾಯಿತು, ಲಾಗಿನ್ ಪರದೆಯಲ್ಲೂ ಬದಲಾಯಿತು, ಫೋಲ್ಡರ್ ಮಾತ್ರ "ಮನೆ" ಆಗೇ ಉಳಿಯಿತು. ಅದು ಹಾಗೇ. ಫೋಲ್ಡರ್ ಹೆಸರು ಅಕೌಂಟ್ ಹುಟ್ಟುವಾಗ ಒಮ್ಮೆ ಗಟ್ಟಿಯಾಗುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿ ತಿದ್ದಿ ಬದಲಿಸುವ ಉಪಾಯ ಅಲ್ಲಲ್ಲಿ ಸಿಗುತ್ತದೆ. ಒಂದು ಕಡೆ ತಪ್ಪಿದರೆ ಮುಂದಿನ ಸಲ ಲಾಗಿನ್ ಆದಾಗ ಖಾಲಿ ಡೆಸ್ಕ್‌ಟಾಪ್ ಬಂದು ಮನೆಯವರೆಲ್ಲ ಗಾಬರಿ ಆಗುತ್ತಾರೆ. ಮನೆಮಂದಿಯ ಫೋಟೋ, ಸೊಸೈಟಿ ಲೆಕ್ಕ ಎಲ್ಲ ಇರುವ ಲ್ಯಾಪ್‌ಟಾಪ್‌ನಲ್ಲಿ ಆ ಸಾಹಸ ಬೇಡ.

ಎರಡನೆಯದು, ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಒಳಗೆ ಅಡಗಿರುವ ಒಂದು ಬೀಟಾ ಟಿಕ್. ಜಗತ್ತಿನ ಎಲ್ಲ ಭಾಷೆಗೂ ಯುಟಿಎಫ್ 8 (ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಒಂದು ರೀತಿ) ಬಳಸು ಅನ್ನುವುದು. ಅದನ್ನು ಹಾಕಿದರೆ ಹಳೆಯ ಬಾಗಿಲಿನಲ್ಲೂ ಕನ್ನಡ ದಾಟಿ ಹೋಗಬಹುದು. ಆದರೆ ಇದು ಇಡೀ ಕಂಪ್ಯೂಟರಿಗೆ ಅನ್ವಯ. ಅವಳ ಅಪ್ಪ ಹಳೆಯ ನುಡಿ ತಂತ್ರಾಂಶದಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ, ಪತ್ರ ಟೈಪ್ ಮಾಡುತ್ತಾರೆ. ಅಂಥ ತಂತ್ರಾಂಶಗಳು ನಿಂತಿರೋದೇ ಆ ಹಳೆಯ ಕೋಡ್ ಪೇಜ್ ಮೇಲೆ. ಮಗಳ ಬ್ಲಿಂಕ್ ಕಂಪೈಲ್ ಆಗಲಿ ಅಂತ ಅಪ್ಪನ ಪತ್ರಗಳನ್ನು ಅಪಾಯಕ್ಕೆ ಒಡ್ಡೋದು ಸರಿ ಅನಿಸಲಿಲ್ಲ.

ಮೂರನೆಯದು, ಅಕೌಂಟ್ ಹಾಗೇ ಇಟ್ಟುಕೊಂಡು ಆರ್ಡುಯಿನೊ ಫೋಲ್ಡರ್‌ಗಳನ್ನು ಮಾತ್ರ ಸಿ ಡ್ರೈವ್‌ನ ಬುಡಕ್ಕೆ ಸಾಗಿಸೋದು. ಐಡಿಇ 2ರಲ್ಲಿ ಯೂಸರ್ ಫೋಲ್ಡರ್ ಒಳಗಿನ ಆರ್ಡುಯಿನೊಐಡಿಇ ಫೋಲ್ಡರ್‌ನಲ್ಲಿ ಸೆಟ್ಟಿಂಗ್ ಬರೆದಿಡುವ ಒಂದು ವೈಎಎಂಎಲ್ ಫೈಲ್ ಇದೆ. ಅದರಲ್ಲಿ ಪ್ಯಾಕೇಜ್ ಎಲ್ಲಿ, ಸ್ಕೆಚ್ (ನಾವು ಬರೆದ ಪ್ರೋಗ್ರಾಂ) ಎಲ್ಲಿ ಅಂತ ಬರೆದಿರುತ್ತದೆ, ತಿದ್ದಬಹುದು. ತಿದ್ದಿದೆವು. ಎರರ್ ಹೋಗಲಿಲ್ಲ, ಜಾಗ ಬದಲಿಸಿತು. ಕಂಪೈಲ್ ಹೊತ್ತಿನಲ್ಲಿ ಹುಟ್ಟುವ ತಾತ್ಕಾಲಿಕ ಫೈಲ್‌ಗಳು ಇನ್ನೂ ಅದೇ ಯೂಸರ್ ಫೋಲ್ಡರ್‌ಗೇ ಹೋಗುತ್ತಿದ್ದವು. ಅದನ್ನೂ ಟೆಂಪ್ ವೇರಿಯಬಲ್ (ತಾತ್ಕಾಲಿಕ ಫೈಲ್‌ಗಳ ಜಾಗ ಹೇಳುವ ಸೆಟ್ಟಿಂಗ್) ಬದಲಿಸಿ ಬೇರೆಡೆ ಕಳಿಸಬಹುದು, ಆದರೆ ಐಡಿಇ ಆವೃತ್ತಿ ಬದಲಾದ ಹಾಗೆ ಈ ಜಾಗಗಳೂ ಬದಲಾಗುತ್ತವೆ. ಇವತ್ತು ಸರಿ ಮಾಡಿದ್ದು ಮುಂದಿನ ಅಪ್‌ಡೇಟ್‌ಗೆ ಮತ್ತೆ ಕೆಡಬಹುದು. ಹಳೆಯ 1.8.19 ಬಳಸುವವರಿಗೆ ಇನ್ನೊಂದು ಅನುಕೂಲ ಇದೆ: ಜಿಪ್ ಇಳಿಸಿ, ಬಿಚ್ಚಿದ ಫೋಲ್ಡರ್ ಒಳಗೆ ಪೋರ್ಟಬಲ್ ಅಂತ ಒಂದು ಖಾಲಿ ಫೋಲ್ಡರ್ ಮಾಡಿದರೆ ಪ್ಯಾಕೇಜ್‌ಗಳೆಲ್ಲ ಅದರೊಳಗೇ ಬಂದು ಕೂರುತ್ತವೆ. ಆದರೂ ಟೆಂಪ್ ಕಾಟ ಅಲ್ಲೂ ತಪ್ಪೋದಿಲ್ಲ.

ಕೊನೆಗೆ ಮಾಡಿದ್ದು ಎಲ್ಲಕ್ಕಿಂತ ಸಾದಾ ಕೆಲಸ. ಹೊಸ ಲೋಕಲ್ ಅಕೌಂಟ್, ಹೆಸರು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಇಲ್ಲದೆ. ಪ್ರೋಗ್ರಾಮಿಂಗ್‌ಗೆ ಮಾತ್ರ ಅದು. ಹಳೆಯ "ಮನೆ" ಹಾಗೇ ಇದೆ, ಅಪ್ಪ ಅದನ್ನೇ ಬಳಸುತ್ತಾರೆ.

ಒಂದು ಅಡಚಣೆ ಇತ್ತು. ಬೋರ್ಡ್ ಪ್ಯಾಕೇಜ್ ಅಕೌಂಟಿಗೊಂದು, ಅಂದರೆ ಹೊಸ ಅಕೌಂಟ್‌ನಲ್ಲಿ ಮತ್ತೆ ಇಳಿಸಬೇಕು. ಅಲ್ಲಿನ ನೆಟ್ ಫೋನಿನ ಹಾಟ್‌ಸ್ಪಾಟ್, ದಿನದ ಡೇಟಾ ಮುಗಿದಿತ್ತು. ಇಲ್ಲೊಂದು ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಐಡಿಇ ಇಳಿಸಿಕೊಂಡ ಮೂಲ ಜಿಪ್‌ಗಳು ಆರ್ಡುಯಿನೊ15 ಒಳಗಿನ ಸ್ಟೇಜಿಂಗ್ ಫೋಲ್ಡರ್‌ನಲ್ಲಿ, ಅದರೊಳಗಿನ ಪ್ಯಾಕೇಜಸ್‌ನಲ್ಲಿ ಉಳಿದಿರುತ್ತವೆ. ಅವನ್ನು ಹೊಸ ಅಕೌಂಟಿನ ಅದೇ ಜಾಗಕ್ಕೆ ಕಾಪಿ ಮಾಡಿ ಆಮೇಲೆ ಇನ್‌ಸ್ಟಾಲ್ ಒತ್ತಿದರೆ, ಐಡಿಇ ಫೈಲ್ ಸರಿ ಇದೆಯಾ ಅಂತ ಪರೀಕ್ಷಿಸಿ, ಮತ್ತೆ ಇಳಿಸದೆ ಅದನ್ನೇ ಬಿಚ್ಚಿಕೊಳ್ಳುತ್ತದೆ. ಪಟ್ಟಿಯ ಚಿಕ್ಕ ಫೈಲ್‌ಗಳಿಗೆ ಮಾತ್ರ ಸ್ವಲ್ಪ ನೆಟ್ ಬೇಕು. ಕಾಲೇಜು ಲ್ಯಾಬ್‌ನಲ್ಲಿ ಹತ್ತಾರು ಕಂಪ್ಯೂಟರಿಗೆ ಹಾಕಬೇಕಾದವರು ಪೆನ್‌ಡ್ರೈವ್‌ನಲ್ಲಿ ಹೀಗೇ ಮಾಡಬಹುದು.

ಬ್ಲಿಂಕ್ ಕಂಪೈಲ್ ಆಯಿತು. ಅಪ್‌ಲೋಡ್ ಮಾಡೋಣ ಅಂದರೆ ಪೋರ್ಟ್ ಇಲ್ಲ! ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೇಬಲ್ ಚುಚ್ಚಿ ತೆಗೆದು ನೋಡಿದಳು, ಅಲ್ಲಿ ಒಂದು ಸಾಲೂ ಅಲುಗಾಡಲಿಲ್ಲ. ಹಳದಿ ಗುರುತು ಬಂದಿದ್ದರೆ ಡ್ರೈವರ್ ಸಮಸ್ಯೆ. ಏನೂ ಬರದಿದ್ದರೆ ಮೊದಲು ಕೇಬಲ್ ಮೇಲೆ ಅನುಮಾನ. ಅದು ಚಾರ್ಜ್‌ಗೆ ಮಾತ್ರ ಇರುವ ಕೇಬಲ್ (ಉಬುಂಟುವಿಗೆ ಚುಚ್ಚಿದ್ದು ಬೇರೆಯದು), ಒಳಗೆ ಡೇಟಾ ತಂತಿಯೇ ಇರೋದಿಲ್ಲ. ಬೋರ್ಡಿನ ದೀಪ ಉರಿಯುತ್ತದಲ್ಲ, ಅದಕ್ಕೇ ಮೋಸ ಹೋಗೋದು. ಕೇಬಲ್ ಬದಲಿಸಿದ ಮೇಲೆ ಹಳದಿ ಗುರುತು ಬಂತು, ಸಿಎಚ್ 340 ಡ್ರೈವರ್ ಹಾಕಿದಳು, ಕಾಮ್ ಪೋರ್ಟ್ ಬಂತು, ಬೋರ್ಡಿನ ನೀಲಿ ದೀಪ ಮಿನುಗಿತು.

ಟ್ಯಾಂಕ್ ಕಡೆಗೆ

ಫ್ಲೋಟ್ ಸ್ವಿಚ್ ಒಳಗೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಒಂದು ರೀಡ್ ಸ್ವಿಚ್, ಹೊರಗೆ ತೇಲುವ ಬಳೆಯಲ್ಲಿ ಅಯಸ್ಕಾಂತ. ನೀರು ಏರಿದರೆ ಬಳೆ ಏರುತ್ತದೆ, ಸ್ವಿಚ್ ಮುಚ್ಚುತ್ತದೆ, ಅಂದರೆ ಅದರ ಎರಡು ತಂತಿ ಕೂಡುತ್ತವೆ. ಬಳೆಯನ್ನು ತಲೆಕೆಳಗು ಹಾಕಿದರೆ ಉಲ್ಟಾ ಕೆಲಸ ಮಾಡುತ್ತದೆ. ಒಂದು ತಂತಿ ಗ್ರೌಂಡ್‌ಗೆ, ಇನ್ನೊಂದು ಬೋರ್ಡಿನ ಒಂದು ಪಿನ್‌ಗೆ. ಬೋರ್ಡನ್ನು ಕೆಳಗೆ ಮನೆಯೊಳಗೆ ಇಟ್ಟು ಉದ್ದಕ್ಕೆ ತಂತಿ ಎಳೆಯೋಣ ಅಂತ ಅವಳ ಲೆಕ್ಕ ಇತ್ತು. ಮಾಳಿಗೆಯ ಮೆಟ್ಟಿಲ ಕೋಣೆಯಲ್ಲೇ ಬೋರ್ಡ್ ಇಡು, ತಂತಿ ಗಿಡ್ಡ ಇರಲಿ ಅಂದೆ. ಚಿಪ್ಪಿನ ಒಳಗಿನ ಪುಲ್‌ಅಪ್ ರೆಸಿಸ್ಟರ್ (ಸ್ವಿಚ್ ತೆರೆದಿದ್ದಾಗ ಪಿನ್ನನ್ನು 3.3 ವೋಲ್ಟ್ ಕಡೆ ಎಳೆದಿಡುವುದು) ದುರ್ಬಲ, ಉದ್ದ ತಂತಿಯ ಮೇಲೆ ಮೋಟಾರಿನ ವಿದ್ಯುತ್ ಗದ್ದಲ ಸುಲಭವಾಗಿ ಏರುತ್ತದೆ. ಜೊತೆಗೆ ಪಿನ್ ಮತ್ತು 3.3 ವೋಲ್ಟ್ ಮಧ್ಯೆ ಹೊರಗಿಂದ ಒಂದು 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದೆವು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮಾಳಿಗೆಯ ಮೇಲೆ ಉದ್ದ ತಂತಿ ಇರೋದು ಹೇಗೂ ಒಳ್ಳೆಯದಲ್ಲ.

ವೈಫೈ ಮೊದಲು ಸಿಗಲಿಲ್ಲ. ಕಾರಣ ಚಿಕ್ಕದು. ಇಎಸ್‌ಪಿ 8266ಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಅವಳ ಫೋನ್ ಹಾಟ್‌ಸ್ಪಾಟ್ 5ರಲ್ಲಿತ್ತು. ಫೋನಿನಲ್ಲಿ ಬ್ಯಾಂಡ್ ಬದಲಿಸಿದ ಮೇಲೆ ಸಿಕ್ಕಿತು. ಶಾಶ್ವತಕ್ಕೆ ಮನೆಯಲ್ಲೇ ಇಟ್ಟಿರುವ ಸಿಮ್ ಹಾಕುವ ರೌಟರ್ ಬಳಸಿದೆವು. ಅದರ ವೈಫೈ ಹೆಸರನ್ನು ಕನ್ನಡದಲ್ಲಿ ಇಡಬಹುದಾ ಅಂತ ಸ್ವಲ್ಪ ತುಂಟತನದಲ್ಲೇ ಕೇಳಿದಳು. ಇಡಬಹುದು. ವೈಫೈ ಹೆಸರಿಗೆ 32 ಬೈಟ್ ಜಾಗ, ಯುಟಿಎಫ್ 8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಂದರೆ ಹತ್ತು ಸಂಕೇತದವರೆಗೆ ಹಿಡಿಯುತ್ತದೆ. ಇಟ್ಟಳು, ಬೋರ್ಡ್ ಸುಮ್ನೆ ಸೇರಿಕೊಂಡಿತು.

ಮೆಸೇಜ್‌ಗೆ ಟೆಲಿಗ್ರಾಂ ಬಾಟ್, ಅಂದರೆ ಪ್ರೋಗ್ರಾಂ ನಡೆಸುವ ಅಕೌಂಟ್. ಅದರಲ್ಲೇ ಇರುವ ಬಾಟ್‌ಫಾದರ್‌ಗೆ ಹೇಳಿದರೆ ಒಂದು ಟೋಕನ್ ಕೊಡುತ್ತದೆ, ಆ ಟೋಕನ್ ಹಾಕಿ ವೆಬ್ ವಿಳಾಸಕ್ಕೆ ಕೋರಿಕೆ ಕಳಿಸಿದರೆ ಮೆಸೇಜ್ ಹೋಗುತ್ತದೆ. ದುಡ್ಡಿಲ್ಲ, ಬೇರೆ ಸರ್ವರ್ ಬೇಡ. ಟೋಕನ್ ಗುಟ್ಟಾಗಿರಬೇಕು, ಕೋಡಿನ ಸ್ಕ್ರೀನ್‌ಶಾಟ್ ಹಂಚುವಾಗ ಅದು ಕಾಣದ ಹಾಗೆ ನೋಡಿಕೊಳ್ಳಿ. ಕನ್ನಡ ಮೆಸೇಜ್ ಕಳಿಸುವಾಗ ವಿಳಾಸದ ಸಾಲಿನಲ್ಲೇ ಅಕ್ಷರ ತುರುಕಬೇಡಿ, ಪೋಸ್ಟ್ ಅನ್ನುವ ಬಗೆಯ ಕೋರಿಕೆಯ ಒಳಗೆ ಜೇಸನ್ ಅನ್ನುವ ರೂಪದಲ್ಲಿ ಕಳಿಸಿದರೆ ಹಾಗೇ ತಲುಪುತ್ತದೆ. ಮಾತಾಡುತ್ತಿರೋದು ನಿಜವಾದ ಸರ್ವರ್ ಜೊತೆಗೇ ಅಂತ ಖಾತ್ರಿ ಮಾಡುವ ಸರ್ಟಿಫಿಕೇಟ್ ಪರೀಕ್ಷೆ ಬೇಕಿದ್ದರೆ ಬೋರ್ಡಿಗೆ ಮೊದಲು ಸಮಯ ಗೊತ್ತಿರಬೇಕು, ಎನ್‌ಟಿಪಿಯಿಂದ (ನೆಟ್‌ನಲ್ಲಿ ಸಮಯ ಹೇಳುವ ವ್ಯವಸ್ಥೆ) ಗಂಟೆ ಎಷ್ಟು ಅಂತ ಕೇಳಿಕೊಳ್ಳಬೇಕು. ಸಮಯ ಸೊನ್ನೆ ಇದ್ದರೆ ಅದರ ಲೆಕ್ಕದಲ್ಲಿ ಈಗ 1970, ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಪರೀಕ್ಷೆಯನ್ನೇ ಬಿಟ್ಟುಬಿಡುವ ಸೆಟ್‌ಇನ್‌ಸೆಕ್ಯೂರ್ ಸಾಲನ್ನು ಎಲ್ಲರೂ ಹಾಕುತ್ತಾರೆ. ನೀರಿನ ಟ್ಯಾಂಕಿಗೆ ಪರವಾಗಿಲ್ಲ. ಬಾಗಿಲ ಬೀಗಕ್ಕೆ ಹಾಕಬೇಡಿ.

ನೀರು ಬೀಳುವಾಗ ಮೇಲ್ಮೈ ಅಲೆಯಾಡುತ್ತದೆ, ಫ್ಲೋಟ್ ಕುಣಿಯುತ್ತದೆ, ಮೆಸೇಜ್ ಸಾಲುಸಾಲು ಬಂದವು. ಹತ್ತು ಸೆಕೆಂಡ್ ಸ್ಥಿರವಾಗಿ ಮುಚ್ಚಿದ್ದರೆ ಮಾತ್ರ ತುಂಬಿದೆ ಅಂತ ಎಣಿಸು, ಒಮ್ಮೆ ಕಳಿಸಿದ ಮೇಲೆ ಫ್ಲೋಟ್ ಕೆಳಗೆ ಬೀಳುವ ತನಕ ಮತ್ತೆ ಕಳಿಸಬೇಡ ಅಂತ ಕೋಡ್ ಬದಲಿಸಿದಳು. ಅದು ಸರಿಹೋಯಿತು.

ಕೆಲವು ದಿನ ಬರುತ್ತೆ, ಕೆಲವು ದಿನ ಇಲ್ಲ

ಜೋಡಿಸಿದ ಮೇಲೆ ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ದೂರು ಬಂತು: ಕೆಲವು ಸಲ ಟ್ಯಾಂಕ್ ಹರಿದು ಹೋಗುತ್ತಿದ್ದರೂ ಮೆಸೇಜ್ ಇಲ್ಲ. ನೆಟ್ ಇಲ್ಲದೆ ಇರಬಹುದು ಅಂತ ಮನೆಯವರ ಅನುಮಾನ. ಆದರೆ ಅದೇ ಹೊತ್ತಿಗೆ ಅದೇ ರೌಟರ್‌ನಲ್ಲಿ ಫೋನ್ ಚೆನ್ನಾಗಿ ಓಡುತ್ತಿತ್ತು. ಬೋರ್ಡನ್ನು ಚಾರ್ಜರ್‌ನಿಂದ ತೆಗೆದು ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತಿತ್ತು, ಕೆಲವೊಮ್ಮೆ ಇಲ್ಲ.

ಯಾವಾಗ ಕೆಟ್ಟಿತು, ಅದಕ್ಕೆ ಮುಂಚೆ ಏನಾಗಿತ್ತು ಅಂತ ಬರೆದಿಡು ಅಂದೆ. ಬರೆದಿಟ್ಟದ್ದು ನೋಡಿದರೆ ಒಂದು ಜಾಡು ಇತ್ತು. ಟ್ಯಾಂಕ್ ತುಂಬಿದ್ದಾಗ ಮನೆಯ ಕರೆಂಟ್ ಹೋಗಿ ಬಂದಿದ್ದರೆ ಮಾತ್ರ ಬೋರ್ಡ್ ಮಂಕು. ಅರ್ಧ ಟ್ಯಾಂಕ್ ಇದ್ದಾಗ ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಏನೂ ಆಗುತ್ತಿರಲಿಲ್ಲ. ಯಾವ ಪಿನ್‌ಗೆ ಸ್ವಿಚ್ ಹಾಕಿದ್ದೀಯ ಅಂತ ಕೇಳಿದೆ. ಡಿ3.

ಡಿ3 ಅಂತ ಬೋರ್ಡ್ ಮೇಲೆ ಅಚ್ಚು ಹಾಕಿರುವ ಪಿನ್, ಚಿಪ್ಪಿನ ಲೆಕ್ಕದಲ್ಲಿ ಜಿಪಿಐಒ 0. ಚಿಪ್ ಎಚ್ಚರವಾಗುವ ಕ್ಷಣದಲ್ಲಿ ಮೂರು ಪಿನ್ ನೋಡಿಕೊಂಡು ತಾನೇನು ಮಾಡಬೇಕು ಅಂತ ತೀರ್ಮಾನಿಸುತ್ತದೆ: 0, 2 ಮತ್ತು 15. ಆ ಹೊತ್ತಿಗೆ 0ನೇ ಪಿನ್ ಗ್ರೌಂಡ್‌ಗೆ ಅಂಟಿದ್ದರೆ ಹೊಸ ಪ್ರೋಗ್ರಾಂ ಬರುತ್ತಿದೆ ಅಂತ ತಿಳಿದು, ಅದು ಬರುವವರೆಗೆ ಕಾಯುತ್ತ ಕೂರುತ್ತದೆ. ಬೋರ್ಡಿನ ಫ್ಲಾಶ್ ಬಟನ್ ಕೂಡ ಇದೇ ಪಿನ್ನಿನದ್ದು. ಟ್ಯಾಂಕ್ ತುಂಬಿದ್ದಾಗ ಫ್ಲೋಟ್ ಸ್ವಿಚ್ ಮುಚ್ಚಿರುತ್ತದೆ, ಅಂದರೆ ಯಾರೋ ಆ ಬಟನ್ ಒತ್ತಿ ಹಿಡಿದಂತೆ. ಕರೆಂಟ್ ಬಂದಾಗ ಬೋರ್ಡ್ ಕಾಯುವ ಸ್ಥಿತಿಗೆ ಹೋಗುತ್ತದೆ. ಆಮೇಲೆ ನೀರು ಇಳಿದರೂ ಅಲ್ಲೇ ಕೂತಿರುತ್ತದೆ, ಯಾಕಂದರೆ ಅದು ಪಿನ್ ನೋಡೋದು ಎದ್ದ ಕ್ಷಣದಲ್ಲಿ ಮಾತ್ರ. ಮುಂದಿನ ಸಲ ಟ್ಯಾಂಕ್ ತುಂಬಿದಾಗ ಮೆಸೇಜ್ ಕಳಿಸುವವರು ಯಾರೂ ಇಲ್ಲ. ನಾವು ಹೊರಗಿಂದ ಹಾಕಿದ ರೆಸಿಸ್ಟರ್ ಕೂಡ ಇಲ್ಲಿ ಉಪಯೋಗಕ್ಕೆ ಬರೋದಿಲ್ಲ, ಮುಚ್ಚಿದ ಸ್ವಿಚ್ ಪಿನ್ನನ್ನು ನೇರ ಗ್ರೌಂಡ್‌ಗೆ ಎಳೆದಿರುತ್ತದೆ.

ಇದನ್ನು ಊಹೆಯಲ್ಲೇ ಬಿಡಲಿಲ್ಲ. ಮೇಜಿನ ಮೇಲೆ ಬೋರ್ಡ್ ಇಟ್ಟು, ಬೋರ್ಡ್ ಕಳಿಸುವ ಸಾಲುಗಳನ್ನು ತೋರಿಸುವ ಸೀರಿಯಲ್ ಮಾನಿಟರ್‌ನ ವೇಗ 74880ಕ್ಕೆ ಇಟ್ಟು, ಫ್ಲೋಟ್ ಎತ್ತಿ ಹಿಡಿದು ರೀಸೆಟ್ ಒತ್ತಿದಳು. ಬೂಟ್ ಮೋಡ್ ಅಂತ ಇರುವ ಕಡೆ ಮೊದಲ ಅಂಕಿ 1 ಬಂತು. ಫ್ಲೋಟ್ ಕೆಳಗೆ ಬಿಟ್ಟು ಒತ್ತಿದರೆ 3. ಮೂರು ಅಂದರೆ ಒಳಗಿರುವ ಪ್ರೋಗ್ರಾಂ ಓಡಿಸು, ಒಂದು ಅಂದರೆ ಹೊಸದಕ್ಕೆ ಕಾಯಿ. 74880 ಅನ್ನುವ ಈ ವಿಚಿತ್ರ ವೇಗ ಎಲ್ಲಿಂದ ಬಂತು ಅಂದರೆ, ಚಿಪ್ಪಿನ ಬೂಟ್ ಕೋಡ್ 40 ಮೆಗಾಹರ್ಟ್ಸ್ ಹರಳು (ಚಿಪ್ಪಿಗೆ ತಾಳ ಕೊಡುವ ಭಾಗ) ಇದೆ ಅಂದುಕೊಂಡು 115200ರಲ್ಲಿ ಮಾತಾಡುತ್ತದೆ, ಬೋರ್ಡಿನಲ್ಲಿರೋದು 26ರ ಹರಳು. ಗುಣಿಸಿ ಭಾಗಿಸಿ ನೋಡಿ, 74880 ಬರುತ್ತದೆ. ಬೇರೆ ವೇಗದಲ್ಲಿಟ್ಟರೆ ಈ ಸಾಲು ಕಸದ ಹಾಗೆ ಕಾಣುತ್ತದೆ, ಬಹಳ ಜನ ಅದನ್ನು ಬೋರ್ಡ್ ಕೆಟ್ಟಿದ್ದರ ಗುರುತು ಅಂದುಕೊಳ್ಳುತ್ತಾರೆ.

ಸ್ವಿಚ್ಚನ್ನು ಡಿ2ಗೆ ಬದಲಿಸಿದೆವು, ಕೋಡಿನಲ್ಲಿ ಒಂದು ಸಾಲು. ಇಂಥ ಕೆಲಸಕ್ಕೆ ಡಿ1, ಡಿ2, ಡಿ5, ಡಿ6, ಡಿ7 ನಿಶ್ಚಿಂತೆ. ಡಿ3, ಡಿ4, ಡಿ8 ಎದ್ದೇಳುವ ಹೊತ್ತಿನ ಪಿನ್‌ಗಳು, ಮುಟ್ಟದಿದ್ದರೆ ಒಳ್ಳೆಯದು. ಡಿ0ಗೆ ಒಳಗಿನ ಪುಲ್‌ಅಪ್ ಇಲ್ಲ. ಅವಳು ನೋಡಿಕೊಂಡು ಜೋಡಿಸಿದ ವೈರಿಂಗ್ ಚಿತ್ರದಲ್ಲಿ ಡಿ3ಗೆ ಹಾಕಿದ್ದು ಒತ್ತುವ ಬಟನ್, ಅದಕ್ಕೆ ಅದು ನಡೆಯುತ್ತದೆ. ಬಟನ್ ಒತ್ತಿ ಹಿಡಿದುಕೊಂಡು ಯಾರೂ ಬೋರ್ಡ್ ಆನ್ ಮಾಡೋದಿಲ್ಲವಲ್ಲ. ಗಂಟೆಗಟ್ಟಲೆ ಮುಚ್ಚೇ ಇರುವ ಫ್ಲೋಟ್‌ಗೆ ನಡೆಯೋದಿಲ್ಲ.

ಈಗ ತುಂಬಿದ ಟ್ಯಾಂಕಿನಲ್ಲೇ ಕರೆಂಟ್ ಹೋಗಿ ಬಂದರೂ ಬೋರ್ಡ್ ಏಳುತ್ತದೆ. ಎದ್ದ ಕೂಡಲೇ "ಬೋರ್ಡ್ ಶುರುವಾಗಿದೆ" ಅಂತ ಒಂದು ಮೆಸೇಜ್ ಕಳಿಸುವ ಹಾಗೂ ಮಾಡಿದ್ದಾಳೆ. ಇದು ನನಗೆ ಹೊಳೆದಿರಲಿಲ್ಲ, ಒಳ್ಳೆಯ ಯೋಚನೆ, ಮನೆಗೆ ಕರೆಂಟ್ ಬಂದದ್ದೂ ಅದರಿಂದಲೇ ಗೊತ್ತಾಗುತ್ತದೆ. ಒಂದು ಕೊರತೆ ಉಳಿದಿದೆ. ಮನೆಯ ಲೈನ್ ಹೋಗಿ ಮೋಟಾರಿನ ತ್ರೀ ಫೇಸ್ ಲೈನ್ ಇದ್ದರೆ ರೌಟರ್ ಸತ್ತಿರುತ್ತದೆ, ಮೋಟಾರ್ ಓಡುತ್ತಿರುತ್ತದೆ, ಮೆಸೇಜ್ ಹೋಗೋದಿಲ್ಲ. ರೌಟರ್‌ಗೂ ಬೋರ್ಡಿಗೂ ಸೇರಿಸಿ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಕೊಡಬೇಕು, ಅದನ್ನು ದುಡ್ಡು ಕೂಡಿದ ಮೇಲೆ ನೋಡೋಣ ಅಂದಿದ್ದಾಳೆ. ಟ್ಯಾಂಕಿನ ತಳಕ್ಕೆ ಇನ್ನೊಂದು ಫ್ಲೋಟ್ ಹಾಕುವ ಆಸೆಯೂ ಇದೆ, ನೀರು ಖಾಲಿಯಾಗುವ ಮುಂಚೆ ತಿಳಿಯಲಿ ಅಂತ. ಅದಕ್ಕೆ ಡಿ1 ಖಾಲಿ ಬಿಟ್ಟಿದ್ದೇವೆ.